ನೋವಿಲ್ಲದ ಯಂತ್ರ

ಲೇಸರ್ ಯಂತ್ರ ಮಾರಲು ಬಂದವನು ನನ್ನ ಕ್ಲಿನಿಕ್ಕಿನ ಡ್ರಿಲ್ಲನ್ನು ಸತ್ತ ಹಲ್ಲಿಯನ್ನು ನೋಡುವಂತೆ ನೋಡಿದ.

“ಇನ್ನೂ ಇದರಲ್ಲೇ ಹಲ್ಲು ಕೊರೀತೀರಾ ಮೇಡಂ? ರಸ್ತೆ ಅಗೆಯೋರೇ ವಾಸಿ.”

“ನಿಮ್ಮದು ಹೇಗೆ?”

“ಬೆಳಕು ಬಿತ್ತು, ಹುಳುಕು ಹೋಯ್ತು. ಸದ್ದಿಲ್ಲ, ಸೂಜಿ ಇಲ್ಲ, ನೋವಂತೂ ಇಲ್ವೇ ಇಲ್ಲ. ತಿಳಿದ ಡಾಕ್ಟ್ರುಗಳೆಲ್ಲ ತಗೊಂಡಾಯ್ತು. ಪಾಪ, ನಿಮ್ಮಂಥೋರು ಮಾತ್ರ ಉಳ್ಕೊಂಡಿದ್ದೀರಿ.”

ನಾನು ಫ್ರಿಜ್ಜಿನ ನೀರು ಕೊಟ್ಟೆ. ಅವನು ತಲೆ ಓರೆ ಮಾಡಿ ಬಾಯಿಯ ಎಡಗಡೆಯಿಂದಲೇ ಕುಡಿದ. ಆದರೂ ಬಲಗೆನ್ನೆ ಒತ್ತಿಕೊಂಡ.

“ಬಾಯಿ ತೆಗೀರಿ,” ಎಂದೆ. ಬಲಗಡೆಯ ದವಡೆ ಹಲ್ಲಿನಲ್ಲಿ ದೊಡ್ಡ ಹುಳುಕು.

“ಒಳ್ಳೇದಾಯ್ತು. ಕುರ್ಚಿ ಮೇಲೆ ಒರಗಿಕೊಳ್ಳಿ. ನೀವು ತಂದಿರೋ ಯಂತ್ರದಲ್ಲೇ ತೆಗೆದುಬಿಡೋಣ. ನೋವಾಗದಿದ್ರೆ ಇವತ್ತೇ ಆರ್ಡರ್ ಕೊಡ್ತೀನಿ.”

ಅವನು ಒರಗಿದ. ನಾನು ಯಂತ್ರದ ಪ್ಲಗ್ ಹಾಕಿ, ಕಣ್ಣಿಗೆ ಹಾಕಿಕೊಳ್ಳಲು ಅದರ ಕನ್ನಡಕವನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಹಾಕಿಕೊಳ್ಳಲಿಲ್ಲ. ಟೈ ಸಡಿಲಿಸಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ.

“ಮೇಡಂ, ಆರ್ಡರ್ ಆಮೇಲೆ ನೋಡೋಣ. ಈಗ ನಿಮ್ಮ ಡ್ರಿಲ್ಲಲ್ಲೇ ಮಾಡಿ. ಮೊದಲು ಒಂದು ಸೂಜಿ ಚುಚ್ಚಿಬಿಡಿ.”