ಹೊಂಗೆ ಎಣ್ಣೆಯ ದೋಣಿ

ನಡುಹೊಳೆಯಲ್ಲಿ ‘ಟಿಕ್’ ಎಂದು ಬ್ಯಾಟರಿ ಮೋಟರು ನಿಂತಿತು. ಶಬನಂಗೆ ಎಂಜಿನ್ ಹಚ್ಚದೆ ಬೇರೆ ದಾರಿಯಿರಲಿಲ್ಲ. ಕತ್ತಲಲ್ಲಿ ಡೀಸೆಲ್ ಹೊಗೆ ಎದ್ದಿತು. ಮುಂದೆ ಕೂತ ಅಪ್ಪನನ್ನು ಅವಳು ಹೆದರಿ ನೋಡಿದಳು.

ಕೆಂಚನಗುಡ್ಡದ ಹೊಳೆಯಲ್ಲಿ ಮೂವತ್ತು ವರ್ಷ ಡೀಸೆಲ್ ದೋಣಿ ನಡೆಸಿ ಇಮಾಮಸಾಬ್ ಹೊಗೆಗೆ ಎದೆ ಕೆಡಿಸಿಕೊಂಡು ದೋಣಿ ಬಿಟ್ಟಿದ್ದ. ಅವನು ಮತ್ತೆ ದೋಣಿ ಹತ್ತಲೆಂದೇ ಪಾಲಿಟೆಕ್ನಿಕ್ ಓದುವ ಮಗಳು ಅದಕ್ಕೆ ಬ್ಯಾಟರಿ ಕೂರಿಸಿ, ಎಂಜಿನ್ನನ್ನು ಹೊಂಗೆ ಎಣ್ಣೆಗೆ ಒಗ್ಗಿಸಿದ್ದಳು. ಆದರೆ ಅದಿರು ಲಾರಿಗಳ ಕೆಂಪು ಧೂಳು ಕೂತು ಈ ವರ್ಷ ದಾರಿಬದಿಯ ಹೊಂಗೆ ಮರಗಳು ಕಾಯಿ ಕಟ್ಟಿರಲಿಲ್ಲ. ಎಣ್ಣೆ ಮುಗಿದು ಡೀಸೆಲ್ ತುಂಬಿದ್ದನ್ನು ಹೇಳುವ ಮೊದಲೇ ಅಪ್ಪ ಆಸೆಯಿಂದ ಹತ್ತಿ ಕೂತಿದ್ದ. ಬ್ಯಾಟರಿಯಲ್ಲೇ ದಾಟಿಸಬಹುದೆಂದು ಅವಳು ಸುಮ್ಮನಾಗಿದ್ದಳು.

ಇಮಾಮಸಾಬ್ ಎದೆ ತುಂಬ ಉಸಿರೆಳೆದ. “ಭೇಷ್ ಬೇಟಿ! ಘಾಟು ಅನ್ನೋದೇ ಇಲ್ಲ. ನಿನ್ನ ಹೊಂಗಿ ಎಣ್ಣಿ ನನ್ನ ಮತ್ತ ಹೊಳಿಗೆ ಕರ್ಕೊಂಡು ಬಂತು ನೋಡು.”

ಡೀಸೆಲ್ ಘಾಟು ಅವಳ ಮೂಗಿಗೆ ಹೊಡೆಯುತ್ತಿತ್ತು. ಅಪ್ಪನ ಮೂಗಿಗೆ ವಾಸನೆಯೇ ತಿಳಿಯದಾಗಿದೆ ಎಂದು ಅವಳಿಗೆ ಈಗ ಗೊತ್ತಾಯಿತು. ದುಪ್ಪಟ್ಟಾ ತೆಗೆದು ಅವನ ಮೂಗು, ಬಾಯಿಗೆ ಸುತ್ತಿದಳು. “ಥಂಡಿ ಐತಿ ಅಪ್ಪಾ, ಮುಚ್ಕೋ.”

“ಥಂಡಿ ಎಲ್ಲೈತಲೇ ಹುಚ್ಚಿ!” ಅಪ್ಪ ನಕ್ಕ.

ಇಂದು ನಡೆದದ್ದನ್ನು ಅವನಿಗಾಗಲಿ, ಮನೆಯಲ್ಲಿ ಅಮ್ಮನಿಗಾಗಲಿ ಎಂದೂ ಹೇಳಬಾರದೆಂದು ಅವಳು ನಿರ್ಧರಿಸಿದಳು.