ಚೀಟಿ ಕಟ್ಟಿದ ಚೊಂಬು

ಹುಣಸೆಹಣ್ಣು, ಬೂದಿ ಹಾಕಿ ತಾಮ್ರ ಉಜ್ಜುವ ವಾಸನೆ ಬಂದರೆ ಈಗಲೂ ನನಗೆ ಹುಲ್ಲಹಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ತಾತ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಊರೂರು ತಿರುಗಿ, ಮುದುಕಿಯರು ಅಟ್ಟದಿಂದ ಇಳಿಸಿಕೊಟ್ಟ ಚೊಂಬು, ತಪ್ಪಲೆ, ದೀಪಗಳನ್ನೆಲ್ಲ ತಂದು ನಮ್ಮ ಹೊರಗಿನ ಕೋಣೆಯಲ್ಲಿ ಜೋಡಿಸಿ, ಅದನ್ನು ಮ್ಯೂಸಿಯಂ ಎನ್ನುತ್ತಿದ್ದರು. ಯಾರದು, ಯಾವ ಊರಿನದು, ಯಾತಕ್ಕೆ ಬಳಸುತ್ತಿದ್ದರು ಎಂದು ಒಂದೊಂದಕ್ಕೂ ಚೀಟಿ ಬರೆದು ದಾರದಲ್ಲಿ ಕಟ್ಟಿದ್ದರು. ಕೊಟ್ಟವರಲ್ಲಿ ಹೆಚ್ಚಿನವರು ಆಗಲೇ ತೀರಿಹೋಗಿದ್ದರು.

ಮರುದಿನ ಮೈಸೂರಿನಿಂದ ಅಧಿಕಾರಿಗಳು ನೋಡಲು ಬರುವವರಿದ್ದರು. ಅವರಿಗೆಂದು ಹಾರ, ರಸಬಾಳೆ ತರಲು ತಾತ ನಂಜನಗೂಡಿಗೆ ಹೋದಾಗ, ಅಜ್ಜಿ ಹಬ್ಬಕ್ಕೆ ಬೆಳಗುವ ಹಾಗೆ ಅಷ್ಟನ್ನೂ ಹಿತ್ತಲಿಗೆ ಒಯ್ದು ಬೆಳಗಿದರು. ಬಿಚ್ಚಿದ ಚೀಟಿಗಳು ಬಚ್ಚಲೊಲೆಗೆ ಹೋದವು.

ತಾತ ಬಂದು ಬಾಗಿಲಲ್ಲೇ ನಿಂತುಬಿಟ್ಟರು.

"ಆಫೀಸರ್ ಬಂದಾಗ ಕಿಲುಬು ಇಡ್ದಿರೋ ಪಾತ್ರೆ ತೋರ್ಸಾಕಾಯ್ತದಾ? ಮನೆ ಮಾನ ಓಯ್ತದೆ," ಎಂದರು ಅಜ್ಜಿ.

ತಾತ ಬೈಯಲಿಲ್ಲ. ಫಳಫಳ ಹೊಳೆಯುವ ಒಂದು ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನ ಕೈಗೆ ಪೆನ್ನು ಕೊಟ್ಟರು.

"ಬರ್ಕೊ ಮಗ. ಚಿಕ್ಕತಾಯಮ್ಮ, ತಲಕಾಡು. ಬಾಣಂತಿಗೆ ನೀರು ಹುಯ್ತಿದ್ದ ಚೊಂಬು."

ಬರೆದೆ. ಆರನೆಯ ಚೊಂಬಿಗೂ ಅದನ್ನೇ ಹೇಳಿದರು.

"ಚಿಕ್ಕತಾಯಮ್ಮನ್ನ ಆಗ್ಲೇ ಬರ್ದಾಯ್ತಲ್ಲ ತಾತ?"

ಅವರು ಆ ಚೊಂಬನ್ನು ಮೊದಲನೆಯದರ ಪಕ್ಕ ಇಟ್ಟು ನೋಡಿದರು; ಎರಡೂ ಒಂದೇ ಥರ ಹೊಳೆಯುತ್ತಿದ್ದವು.

"ಯಾವ್ದಾದ್ರೂ ಒಂದು ಹೆಸರು ನೀನೇ ಬರಿ ಮಗ."

ನಾನು ನನ್ನ ಕ್ಲಾಸಿನ ಹುಡುಗಿಯರ ಹೆಸರುಗಳನ್ನು ಬರೆಯುತ್ತಾ ಹೋದೆ. ತಾತ ಓದದೆಯೇ ಒಂದೊಂದನ್ನೂ ದಾರದಲ್ಲಿ ಕಟ್ಟುತ್ತಾ ಹೋದರು.