ಗೆಲ್ಲೋ ಕೇಸು

"ನಾನು ಯಾರ ಮೇಲೂ ಕೇಸು ಹಾಕಿಲ್ಲ ಸಾರ್," ಎನ್ನುತ್ತ ಅವಳು ಕೂತ ಕುರ್ಚಿಯಿಂದ ಮತ್ತೆ ಎದ್ದಳು.

"ನೀವಲ್ಲ, ಇನ್ಶೂರೆನ್ಸ್ ಕಂಪನಿ ಹಾಕಿದೆ, ನಿಮ್ಮ ಹೆಸರಲ್ಲಿ," ಎಂದರು ಕಂಪನಿಯ ವಕೀಲರು. "ನಿಮ್ಮ ಕಾರು ರಿಪೇರಿಗೆ ನಾವು ಕೊಟ್ಟ ದುಡ್ಡನ್ನು ಹಿಂದಿನಿಂದ ಬಂದು ಗುದ್ದಿದವನ ಹತ್ತಿರ ವಸೂಲಿ ಮಾಡಬೇಕಲ್ಲ?"

"ಏನಾದರೂ ಮಾಡಿ ವಾಪಸ್ ತಗೊಳ್ಳಿ."

"ಯಾಕೆ ಮೇಡಂ? ಗೆಲ್ಲೋ ಕೇಸು ಇದು. ಗುದ್ದುವಾಗ ಫೋನಲ್ಲಿ ಮಾತಾಡ್ತಿದ್ದೆ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಯಾರ ಜೊತೆ ಅಂತ ಮಾತ್ರ ಬಾಯಿ ಬಿಡ್ತಿಲ್ಲ."

ಅವಳು ಕಿಟಕಿವರೆಗೆ ಹೋಗಿ ತಿರುಗಿ ಬಂದಳು.

"ನನ್ನ ಜೊತೆ. ಮದುವೆ ಆಗ್ತೀಯಾ ಅಂತ ಕೇಳಿದ. ನಾನು ಗಕ್ಕನೆ ಬ್ರೇಕ್ ಹಾಕಿಬಿಟ್ಟೆ."